ಪಟ್ಟಿಯಲ್ಲಿ ಇಲ್ಲದ ಬೇಡಿಕೆ

1968ರ ನವೆಂಬರ್ 22ರಂದು ಉತ್ತರ ಐರ್ಲೆಂಡಿನ ಸರ್ಕಾರ ಐದು ಸುಧಾರಣೆಗಳ ಪಟ್ಟಿಯೊಂದನ್ನು ಹೊರಡಿಸಿತು. ಸ್ಥಳೀಯ ಸಂಸ್ಥೆಗಳು ಕಟ್ಟಿಸುವ ಮನೆಗಳನ್ನು ಇನ್ನು ಮುಂದೆ ಅಂಕಗಳ ಲೆಕ್ಕದ ಮೇಲೆ ಹಂಚಬೇಕು. ಆಡಳಿತದ ಮೇಲಿನ ದೂರುಗಳನ್ನು ವಿಚಾರಿಸಲು ಒಂಬುಡ್ಸ್‌ಮನ್ ಬರಬೇಕು. ಡೆರಿ ನಗರದ ಕಾರ್ಪೊರೇಷನ್ ಹೋಗಿ ಅದರ ಜಾಗದಲ್ಲಿ ಅಭಿವೃದ್ಧಿ ಆಯೋಗ ಕೂರಬೇಕು. ಸ್ಥಳೀಯ ಚುನಾವಣೆಗಳಲ್ಲಿ ಕಂಪನಿಗಳಿಗಿದ್ದ ಮತ ರದ್ದಾಗಬೇಕು. ವಿಶೇಷಾಧಿಕಾರ ಕಾಯ್ದೆಯನ್ನು, ಪರಿಸ್ಥಿತಿ ತಿಳಿಯಾದ ಮೇಲೆ, ಮರುಪರಿಶೀಲಿಸಬೇಕು. ಐದನ್ನೂ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಆ ವರ್ಷದ ಮೆರವಣಿಗೆಗಳ ಚಿತ್ರ ನೋಡಿದವರಿಗೆಲ್ಲ ಗೊತ್ತಿರುವ ಘೋಷಣೆ ಒಂದಿದೆ: ಒಬ್ಬರಿಗೆ ಒಂದು ಮತ. ಪಟ್ಟಿಯಲ್ಲಿ ಅದೇ ಇಲ್ಲ.

ಐದು ತಿಂಗಳ ನಂತರ, ಬಿಟ್ಟುಹೋದ ಆ ಬೇಡಿಕೆಯ ಸುತ್ತಲೇ ಪ್ರಧಾನಿ ಟೆರೆನ್ಸ್ ಓನೀಲ್ ಅಧಿಕಾರ ಕಳೆದುಕೊಂಡರು. 1921ರಿಂದ ಒಂದು ಚುನಾವಣೆಯನ್ನೂ ಸೋಲದೆ ಆಳುತ್ತಿದ್ದ, ಬ್ರಿಟನ್ನಿನ ಜೊತೆಗೇ ಉಳಿಯಬೇಕೆನ್ನುವ ಪ್ರಾಟೆಸ್ಟಂಟರ ಯೂನಿಯನಿಸ್ಟ್ ಪಕ್ಷ ಒಡೆಯಿತು. ನನ್ನನ್ನು ಕಡತಗಳತ್ತ ಎಳೆದದ್ದು ಒಂದೇ ಪ್ರಶ್ನೆ. ಡೆರಿಯಂಥ ಕೋಟೆಯನ್ನೇ ಬಿಟ್ಟುಕೊಡಲು ಒಪ್ಪಿದ ಪಕ್ಷ, ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮಾತ್ರ ಯಾಕೆ ಹಟ ಹಿಡಿಯಿತು?

ಈ ಪ್ರಶ್ನೆಗೆ ಬೇಕಾದ ದಾಖಲೆಗಳು ಹೇರಳವಾಗಿವೆ. ಉತ್ತರ ಐರ್ಲೆಂಡಿನದೇ ಆದ ಸ್ಟಾರ್ಮಂಟ್ ಸಂಸತ್ತಿನ ಐವತ್ತು ವರ್ಷಗಳ ಚರ್ಚೆಗಳು ಡಿಜಿಟಲ್ ರೂಪದಲ್ಲಿವೆ. ಅಲ್‌ಸ್ಟರ್ ವಿಶ್ವವಿದ್ಯಾಲಯ ಕಟ್ಟಿರುವ ಸಂಘರ್ಷ ಸಂಗ್ರಹದಲ್ಲಿ ವರದಿಗಳು, ದಿನವಹಿಗಳು, ಚುನಾವಣಾ ಫಲಿತಾಂಶಗಳು ಸಿಗುತ್ತವೆ. ಸಚಿವ ಸಂಪುಟದ ಕಡತಗಳು ಬೆಲ್‌ಫಾಸ್ಟ್‌ನ ಸಾರ್ವಜನಿಕ ದಾಖಲೆ ಕಚೇರಿಯಲ್ಲಿವೆ. ಮೂವತ್ತು ವರ್ಷಗಳ ನಿಯಮದ ಪ್ರಕಾರ 1968ರ ಕಾಗದಗಳು ಸಾರ್ವಜನಿಕರ ಕೈಗೆ ಬಂದದ್ದು 1999ರಲ್ಲಿ. ಇನ್ನು ಅದೇ ಊರಿನ ಲಿನೆನ್ ಹಾಲ್ ಗ್ರಂಥಾಲಯದ ರಾಜಕೀಯ ಸಂಗ್ರಹ. 1968ರಲ್ಲಿ ಅಲ್ಲಿನ ಗ್ರಂಥಪಾಲಕ ಜಿಮ್ಮಿ ವಿಟ್ಟಿ ಅವರ ಕೈಗೆ ಪೇಟೆಯ ಬಾರ್ ಒಂದರಲ್ಲಿ ಯಾರೋ ನಾಗರಿಕ ಹಕ್ಕುಗಳ ಕರಪತ್ರ ಕೊಟ್ಟರಂತೆ. ಅವರು ಅದನ್ನು ಬಿಸಾಡದೆ ಗ್ರಂಥಾಲಯಕ್ಕೆ ತಂದಿಟ್ಟರು. ಆ ಒಂದು ಹಾಳೆಯಿಂದ ಶುರುವಾದ ಸಂಗ್ರಹದಲ್ಲಿ ಇಂದು ಲಕ್ಷಗಟ್ಟಲೆ ಕಾಗದಗಳಿವೆ. ಆ ಗ್ರಂಥಪಾಲಕರ ಋಣ ನನ್ನಂಥವರ ಮೇಲೆ ಯಾವಾಗಲೂ ಇರುತ್ತದೆ.

ಹುಡುಕಾಟವನ್ನು ನಾನು ಡೆರಿಯ ಲೆಕ್ಕದಿಂದ ಆರಂಭಿಸಿದೆ. ಗಲಭೆಗಳ ಕಾರಣ ತಿಳಿಯಲು ಸ್ಕಾಟ್ಲೆಂಡಿನ ನ್ಯಾಯಾಧೀಶ ಲಾರ್ಡ್ ಕ್ಯಾಮರೂನ್ ಅವರ ನೇತೃತ್ವದಲ್ಲಿ ನೇಮಕವಾದ ಆಯೋಗ 1969ರ ಸೆಪ್ಟೆಂಬರ್‌ನಲ್ಲಿ ವರದಿ ಪ್ರಕಟಿಸಿತು. ಅದರಲ್ಲೊಂದು ಸಣ್ಣ ಕೋಷ್ಟಕವಿದೆ. 1967ರ ಅಂಕಿಗಳು, ಮೂರು ವಾರ್ಡು, ಮೂರು ಸಾಲು. ದಕ್ಷಿಣ ವಾರ್ಡಿನಲ್ಲಿ ಕ್ಯಾಥೊಲಿಕ್ ಮತದಾರರು 10,047, ಇತರರು 1,138. ಅಲ್ಲಿನ ಎಂಟೂ ಸ್ಥಾನ ಯೂನಿಯನಿಸ್ಟೇತರರಿಗೆ. ಉತ್ತರ ವಾರ್ಡಿನಲ್ಲಿ ಕ್ಯಾಥೊಲಿಕರು 2,530, ಇತರರು 3,946. ಎಂಟೂ ಸ್ಥಾನ ಯೂನಿಯನಿಸ್ಟರಿಗೆ. ನದಿಯಾಚೆಯ ವಾಟರ್‌ಸೈಡ್ ವಾರ್ಡಿನಲ್ಲಿ ಕ್ಯಾಥೊಲಿಕರು 1,852, ಇತರರು 3,697. ನಾಲ್ಕೂ ಸ್ಥಾನ ಯೂನಿಯನಿಸ್ಟರಿಗೆ. ಕೂಡಿಸಿ ನೋಡಿ: ಇಡೀ ನಗರದಲ್ಲಿ ಕ್ಯಾಥೊಲಿಕ್ ಮತದಾರರು 14,429, ಇತರರು 8,781. ಸಭೆಯಲ್ಲಿ ಮಾತ್ರ ಎಂಟಕ್ಕೆ ಹನ್ನೆರಡು.

ಈ ಕೋಷ್ಟಕವನ್ನು ಉಲ್ಲೇಖಿಸದ ಪುಸ್ತಕವಿಲ್ಲ. ಆದರೆ ಅದರೊಳಗೆ ಇನ್ನೊಂದು ಸಂಗತಿ ಅಡಗಿದೆ, ಅದನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ. ಇದು ಊರಿನ ಎಲ್ಲ ವಯಸ್ಕರ ಲೆಕ್ಕ ಅಲ್ಲ, ಸ್ಥಳೀಯ ಚುನಾವಣೆಯ ಮತದಾರರ ಲೆಕ್ಕ. ಆ ಪಟ್ಟಿಗೆ ಸೇರಲು ಮನೆಯ ಹೆಸರಿನಲ್ಲಿ ತೆರಿಗೆ ಕಟ್ಟುವವರಾಗಿರಬೇಕು, ಇಲ್ಲವೆ ಅಂಥವರ ಗಂಡನೋ ಹೆಂಡತಿಯೋ ಆಗಿರಬೇಕು. ಅಪ್ಪ ಅಮ್ಮನ ಮನೆಯಲ್ಲೇ ಇರುವ ಮೂವತ್ತರ ಮಗನಿಗೆ, ಅಣ್ಣನ ಮನೆಯ ಒಂದು ಕೋಣೆಯಲ್ಲಿ ಸಂಸಾರ ಹೂಡಿದ ದಂಪತಿಗೆ, ಒಳಬಾಡಿಗೆಯವರಿಗೆ ಮತ ಇಲ್ಲ. ಸ್ಟಾರ್ಮಂಟ್ ಚುನಾವಣೆಯಲ್ಲಿ ಮತ ಹಾಕಬಲ್ಲವರ ಪೈಕಿ ಸುಮಾರು ನಾಲ್ಕರಲ್ಲೊಂದು ಪಾಲು ಜನ ಹೀಗೆ ಊರಿನ ಚುನಾವಣೆಗೆ ಹೊರಗಿದ್ದರು. ಇಷ್ಟು ಮಂದಿಯನ್ನು ಹೊರಗಿಟ್ಟ ಪಟ್ಟಿಯಲ್ಲೂ ಡೆರಿಯ ಕ್ಯಾಥೊಲಿಕರು ಸ್ಪಷ್ಟ ಬಹುಮತದಲ್ಲಿದ್ದರು. ಅಂದರೆ ಅಲ್ಲಿ ಅವರನ್ನು ಸೋಲಿಸುತ್ತಿದ್ದದ್ದು ಮುಖ್ಯವಾಗಿ ವಾರ್ಡಿನ ಗೆರೆ. ಎಲ್ಲರಿಗೂ ಮತ ಕೊಟ್ಟು ಗೆರೆಯನ್ನು ಇದ್ದಲ್ಲೇ ಬಿಟ್ಟಿದ್ದರೆ ದಕ್ಷಿಣ ವಾರ್ಡಿನ ಗೆಲುವಿನ ಅಂತರ ಬೆಳೆಯುತ್ತಿತ್ತು, ಸಭೆಯ ಬಲಾಬಲ ಬಹುಶಃ ಹಾಗೇ ಇರುತ್ತಿತ್ತು.

ಕ್ಯಾಥೊಲಿಕರಿಗೆ ಮತವೇ ಇರಲಿಲ್ಲ ಎಂದು ಬರೆಯುವವರು ಈಗಲೂ ಇದ್ದಾರೆ. ಕಾನೂನಿನಲ್ಲಿ ಧರ್ಮದ ಮಾತಿರಲಿಲ್ಲ. ಬಡ ಪ್ರಾಟೆಸ್ಟಂಟ್ ಕುಟುಂಬಗಳ ವಯಸ್ಕ ಮಕ್ಕಳೂ ಸಾವಿರಾರು ಸಂಖ್ಯೆಯಲ್ಲಿ ಹೊರಗಿದ್ದರು. ಕ್ಯಾಥೊಲಿಕರಲ್ಲಿ ಬಡತನ ಹೆಚ್ಚು, ಕುಟುಂಬ ದೊಡ್ಡದು, ಒಂದೇ ಸೂರಿನಡಿ ಎರಡು ಮೂರು ಸಂಸಾರ. ಹಾಗಾಗಿ ಪೆಟ್ಟು ಅವರಿಗೆ ಜಾಸ್ತಿ. ಕಂಪನಿ ಮತದ ವಿಷಯವೂ ಹೀಗೆಯೇ. ಒಂದು ಕಂಪನಿ ತನ್ನ ಆಸ್ತಿಯ ತೆರಿಗೆ ಮೌಲ್ಯದಲ್ಲಿ ಪ್ರತಿ ಹತ್ತು ಪೌಂಡಿಗೆ ಒಬ್ಬರಂತೆ ಗರಿಷ್ಠ ಆರು ಮಂದಿಯನ್ನು ಮತದಾರರಾಗಿ ಹೆಸರಿಸಬಹುದಿತ್ತು. ನ್ಯಾಯದ ದೃಷ್ಟಿಯಿಂದ ಹೇಸಿಗೆ ಹುಟ್ಟಿಸುವ ನಿಯಮ, ಸಂಖ್ಯೆಯ ದೃಷ್ಟಿಯಿಂದ ಬಹಳ ಸಣ್ಣದು. ನವೆಂಬರ್ ಪಟ್ಟಿಯಲ್ಲಿ ಅದು ಸುಲಭವಾಗಿ ಜಾಗ ಪಡೆದದ್ದಕ್ಕೆ ಕಾರಣ ಇದೇ ಇರಬೇಕು.

ಸ್ವತಂತ್ರ ಭಾರತ 1951–52ರ ಮೊದಲ ಮಹಾಚುನಾವಣೆಯಲ್ಲೇ ಆಸ್ತಿ, ತೆರಿಗೆ, ಓದು ಯಾವುದನ್ನೂ ಕೇಳದೆ ವಯಸ್ಕರೆಲ್ಲರ ಕೈಗೆ ಮತಪತ್ರ ಕೊಟ್ಟಿತ್ತು. ಬ್ರಿಟನ್ನಿನ ಉಳಿದ ಭಾಗವೂ ಎರಡನೆಯ ಮಹಾಯುದ್ಧ ಮುಗಿಯುವಾಗ ಸ್ಥಳೀಯ ಚುನಾವಣೆಯ ಈ ನಿರ್ಬಂಧ ಕಳಚಿತ್ತು. ಅದೇ ರಾಣಿಯ ಆಳ್ವಿಕೆಯ ಒಂದು ಮೂಲೆಯಲ್ಲಿ 1968ರಲ್ಲೂ ಮನೆ ಇಲ್ಲದವನಿಗೆ ಮತವಿಲ್ಲ ಎಂಬ ಸ್ಥಿತಿಯಿತ್ತು.

ಮತ ಸಿಗಬೇಕಾದರೆ ಮನೆ ಬೇಕು. ಮನೆ ಹಂಚುವುದು ಸ್ಥಳೀಯ ಸಭೆ. ಸಭೆಯನ್ನು ಆರಿಸುವುದು ಮತ. ಈ ಸುತ್ತನ್ನು ಹಿಡಿದ ಮೇಲೆ ಕಾಗದಗಳು ತಾವಾಗಿ ಮಾತಾಡತೊಡಗಿದವು. ಸಭೆಯೊಂದು ಹೊಸ ಮನೆಯ ಬೀಗದ ಕೈ ಕೊಟ್ಟರೆ ಅದರ ಜೊತೆಗೆ ಗಂಡನಿಗೊಂದು, ಹೆಂಡತಿಗೊಂದು ಎಂದು ಎರಡು ಮತವನ್ನೂ ಕೊಟ್ಟ ಹಾಗೆ. ಆದ್ದರಿಂದ ಯಾರಿಗೆ ಮನೆ ಎಂಬುದಕ್ಕಿಂತ ಯಾವ ವಾರ್ಡಿನಲ್ಲಿ ಮನೆ ಎಂಬುದು ದೊಡ್ಡ ವಿಚಾರ. ಡೆರಿಯಲ್ಲಿ ಕ್ಯಾಥೊಲಿಕ್ ಕುಟುಂಬಗಳಿಗೆ ದಕ್ಷಿಣ ವಾರ್ಡಿನಲ್ಲೇ ಜಾಗ ಹುಡುಕಿದರು. ನೆಲ ಸಾಲದಾದಾಗ ಬಹುಮಹಡಿ ಕಟ್ಟಿದರು. ಉತ್ತರ ವಾರ್ಡಿನಲ್ಲಿ ಕಟ್ಟಿದ್ದರೆ ಅಲ್ಲಿನ 3,946ಕ್ಕೆ 2,530ರ ಅಂತರ ಕರಗುತ್ತಿತ್ತು. ಮತ್ತೊಂದು ದಾರಿ ಏನನ್ನೂ ಕಟ್ಟದೇ ಇರುವುದು. ಸೂರಿಲ್ಲದವರ ಸರದಿ ಬೆಳೆಯುತ್ತಲೇ ಹೋಯಿತು.

ಇದನ್ನು ಮೊದಲು ಅಂಕಿಗಳಲ್ಲಿ ಹಿಡಿದಿಟ್ಟವರು ರಾಜಕಾರಣಿಗಳಲ್ಲ. ಟೈರೋನ್ ಜಿಲ್ಲೆಯ ಡಂಗ್ಯಾನನ್ ಪಟ್ಟಣದ ವೈದ್ಯ ಕಾನ್ ಮೆಕ್ಲಸ್ಕಿ ಮತ್ತು ಅವರ ಪತ್ನಿ ಪ್ಯಾಟ್ರೀಷಿಯಾ. 1963ರಲ್ಲಿ ಆ ಊರಿನ ಎಳೆಯ ಗೃಹಿಣಿಯರು ಮನೆ ಕೇಳಿ ಪಟ್ಟಣ ಸಭೆಗೆ ಅರ್ಜಿ ಕೊಟ್ಟಾಗ ಜೊತೆ ನಿಂತ ಈ ದಂಪತಿ, 1964ರ ಜನವರಿಯಲ್ಲಿ ಸಾಮಾಜಿಕ ನ್ಯಾಯ ಆಂದೋಲನ ಎಂಬ ಪುಟ್ಟ ಸಂಸ್ಥೆ ಕಟ್ಟಿದರು. ಅವರು ಭಾಷಣ ಮಾಡಲಿಲ್ಲ, ಲೆಕ್ಕ ಮಾಡಿದರು. ಯಾವ ಸಭೆಯಲ್ಲಿ ಎಷ್ಟು ಸದಸ್ಯರು, ಎಷ್ಟು ನೌಕರರು, ಎಷ್ಟು ಮನೆ ಯಾರಿಗೆ. ಅವರ ಕಿರುಹೊತ್ತಗೆಗಳನ್ನು ಓದುವಾಗ ನನಗೆ ಆದ ಸಂತೋಷ ಹೇಳತೀರದು. ಕೋಪ ಇದೆ, ಆದರೆ ಪ್ರತಿ ಕೋಪದ ಪಕ್ಕದಲ್ಲಿ ಒಂದು ಅಂಕಿ ಇದೆ. ಆಗ ಬ್ರಿಟನ್ನಿನ ವಿರೋಧ ಪಕ್ಷದ ನಾಯಕರಾಗಿದ್ದ ಹೆರಾಲ್ಡ್ ವಿಲ್ಸನ್ ಅವರಿಗೂ ಪ್ಯಾಟ್ರೀಷಿಯಾ ಬರೆದರು, ಭರವಸೆಯ ಉತ್ತರವೂ ಬಂತು. ವಿಲ್ಸನ್ ಅದೇ ವರ್ಷ ಬ್ರಿಟನ್ನಿನ ಪ್ರಧಾನಿಯಾದರು. ಆದರೆ ಸ್ಟಾರ್ಮಂಟ್‌ಗೆ ವಹಿಸಿಕೊಟ್ಟ ವಿಷಯವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸಂಸತ್ತಿನಲ್ಲಿ ಎತ್ತಕೂಡದು ಎಂಬ 1920ರ ದಶಕದ ಸಂಪ್ರದಾಯ ಅಡ್ಡ ಬಂತು. ವರ್ಷಗಳು ಉರುಳಿದವು.

1968ರ ಜೂನ್ 20ರಂದು ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ ಆಸ್ಟಿನ್ ಕರಿ ಎಂಬ ಯುವ ನ್ಯಾಷನಲಿಸ್ಟ್ ಶಾಸಕ ಒಂದು ಮನೆಗೆ ನುಗ್ಗಿ ಕುಳಿತರು. ಆ ಮನೆಯನ್ನು ಸ್ಥಳೀಯ ಸಭೆ ಮದುವೆಯಾಗದ ಹತ್ತೊಂಬತ್ತರ ಪ್ರಾಟೆಸ್ಟಂಟ್ ಹುಡುಗಿಗೆ ಕೊಟ್ಟಿತ್ತು. ಆಕೆ ಯೂನಿಯನಿಸ್ಟ್ ಪಕ್ಷದ ವಕೀಲರೊಬ್ಬರ ಕಾರ್ಯದರ್ಶಿ. ಮಕ್ಕಳೊಂದಿಗರು ಸರದಿಯಲ್ಲಿ ಕಾದಿದ್ದರು. ಹಿಂದಿನ ದಿನ ಸದನದಲ್ಲಿ ಇದನ್ನೇ ಎತ್ತಿ ಕರಿ ಹೊರಹಾಕಿಸಿಕೊಂಡಿದ್ದರು. ಆಗಸ್ಟ್ 24ರಂದು ಕೋಲ್‌ಐಲೆಂಡಿನಿಂದ ಡಂಗ್ಯಾನನ್‌ಗೆ ನಾಗರಿಕ ಹಕ್ಕುಗಳ ಚಳವಳಿಯ ಮೊದಲ ಮೆರವಣಿಗೆ ನಡೆಯಿತು. ಅಕ್ಟೋಬರ್ 5ರಂದು ಡೆರಿಯ ಡ್ಯೂಕ್ ಸ್ಟ್ರೀಟಿನಲ್ಲಿ ಎರಡನೆಯದು. ಅದನ್ನು ಗೃಹಮಂತ್ರಿ ವಿಲಿಯಂ ಕ್ರೇಗ್ ನಿಷೇಧಿಸಿದ್ದರು. ಪೊಲೀಸರ ಲಾಠಿ ಸಂಸದ ಗೆರಿ ಫಿಟ್ ಅವರ ತಲೆಯ ಮೇಲೂ ಬಿತ್ತು. ಐರಿಷ್ ದೂರದರ್ಶನದ ಕ್ಯಾಮೆರಾಮನ್ ಗೇ ಒಬ್ರಯನ್ ಅದನ್ನೆಲ್ಲ ಚಿತ್ರೀಕರಿಸಿದ್ದರಿಂದ ಜಗತ್ತು ನೋಡಿತು.

ಇಲ್ಲಿಂದ ಮುಂದೆ ಸಂಪುಟದ ಕಡತಗಳು.  ಸಂಪುಟದ ನಡಾವಳಿ ಸಪ್ಪೆಯಾದ ಭಾಷೆಯಲ್ಲಿರುತ್ತದೆ, ಯಾರು ದನಿ ಏರಿಸಿದರು ಎಂಬುದು ಅದರಲ್ಲಿ ಬರುವುದಿಲ್ಲ. ಆದರೂ ಅಕ್ಟೋಬರ್ 14ರಂದು ಓನೀಲ್ ತಮ್ಮ ಸಹೋದ್ಯೋಗಿಗಳ ಮುಂದಿಟ್ಟ ಟಿಪ್ಪಣಿ ಬೇರೆಯೇ ಜಾತಿಯದು. ಡೆರಿಯ ಘಟನೆಯಿಂದ ನಮ್ಮ ಸ್ಥಿತಿ ಬದಲಾಗಿದೆ, ಲಂಡನ್ನಿನ ಒತ್ತಡ ಬಂದೇ ಬರುತ್ತದೆ ಎಂದು ಎಚ್ಚರಿಸಿ ಅವರು ಒಂದು ನೇರ ಪ್ರಶ್ನೆ ಕೇಳುತ್ತಾರೆ: ಈ ನಾಲ್ಕು ಗೋಡೆಗಳ ನಡುವೆಯಾದರೂ, ಅಲ್ಪಸಂಖ್ಯಾತರಿಗೆ ಪರಿಹಾರ ಬೇಡುವ ಯಾವ ಕುಂದುಕೊರತೆಯೂ ಇಲ್ಲವೆಂದು ನಮ್ಮಲ್ಲಿ ಯಾರಾದರೂ ಪ್ರಾಮಾಣಿಕವಾಗಿ ಹೇಳಬಲ್ಲರೇ? ಐರಿಷ್ ಗಾರ್ಡ್ಸ್‌ನ ಮಾಜಿ ಕ್ಯಾಪ್ಟನ್, ಈಟನ್ನಿನಲ್ಲಿ ಓದಿದವರು, ಜನರ ಜೊತೆ ಬೆರೆಯಲು ಬಾರದವರು ಎಂದು ಟೀಕೆಗೆ ಒಳಗಾದವರು. ಅವರ ಬಾಯಿಂದ ಬಂದ ಈ ಪ್ರಶ್ನೆ ನನ್ನ ಮಟ್ಟಿಗೆ ಆ ಇಡೀ ಕಡತರಾಶಿಯಲ್ಲಿ ಅತ್ಯಂತ ಧೈರ್ಯದ ಸಾಲು. ಹೊರಗೆ ಹೇಳಲಾಗದ್ದನ್ನು ಒಳಗೆ ಹೇಳಿದ್ದರು.

ನವೆಂಬರ್ 4ರಂದು ಓನೀಲ್, ಕ್ರೇಗ್ ಮತ್ತು ವಾಣಿಜ್ಯ ಮಂತ್ರಿ ಬ್ರಯನ್ ಫಾಕ್ನರ್ ಲಂಡನ್ನಿನಲ್ಲಿ ವಿಲ್ಸನ್‌ರನ್ನು ಕಂಡರು. ವಿಲ್ಸನ್ ಕೇಳಿದ್ದರಲ್ಲಿ ಸ್ಥಳೀಯ ಮತವೂ ಇತ್ತು. ಎರಡೂವರೆ ವಾರ ಸಂಪುಟ ಜಗ್ಗಾಡಿ ಕೊನೆಗೆ ಹೊರಟದ್ದು ಐದು ಅಂಶದ ಪಟ್ಟಿ. ಮತದ ವಿಷಯವನ್ನು ಸ್ಥಳೀಯ ಆಡಳಿತದ ಪುನಾರಚನೆಯ ಜೊತೆ ನೋಡೋಣ ಎಂದರು, ಆ ಪುನಾರಚನೆಗೆ ಇಟ್ಟ ಗಡುವು 1971ರ ಕೊನೆ. ಮೂರು ವರ್ಷ ಕಾಯಬೇಕು.

ನನ್ನ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಿದ್ದು ಇಲ್ಲಿ. ಡೆರಿಯ ಕಾರ್ಪೊರೇಷನ್ ತೆಗೆದರೆ ನಷ್ಟ ಡೆರಿಯ ಯೂನಿಯನಿಸ್ಟರಿಗೆ ಮಾತ್ರ. ಒಂಬುಡ್ಸ್‌ಮನ್ ಬಂದರೆ ಅಧಿಕಾರಿಗಳಿಗೆ ಮುಜುಗರ. ಮತದ ನಿಯಮ ಬದಲಾದರೆ ಬ್ಯಾನ್ ನದಿಯ ಪಶ್ಚಿಮದ ಪ್ರತಿ ಊರಿನ, ಪ್ರತಿ ಸಭೆಯ ಯೂನಿಯನಿಸ್ಟ್ ಸದಸ್ಯ ತನ್ನ ಕುರ್ಚಿ ಮುಟ್ಟಿ ನೋಡಿಕೊಳ್ಳಬೇಕು. ಪಕ್ಷದ ಕ್ಷೇತ್ರ ಸಮಿತಿಗಳನ್ನು ನಡೆಸುತ್ತಿದ್ದವರು ಇಂಥ ಸದಸ್ಯರೇ. ಸ್ಟಾರ್ಮಂಟ್‌ಗೆ ನಿಲ್ಲುವವರಿಗೆ ಟಿಕೆಟ್ ಕೊಡುವುದು ಪ್ರಧಾನಿಯಲ್ಲ, ಈ ಸಮಿತಿಗಳು. ಮಂತ್ರಿಗಳನ್ನು ಗೆಲ್ಲಿಸುತ್ತಿದ್ದ ಬೇರು ಸ್ಥಳೀಯ ಸಭೆಗಳಲ್ಲಿತ್ತು. ಆ ಬೇರಿಗೆ ಕೈ ಹಾಕುವ ಸುಧಾರಣೆಯನ್ನು ಪಟ್ಟಿಯಿಂದ ಹೊರಗಿಟ್ಟರು. ಎಷ್ಟು ಸಭೆಗಳು ನಿಜಕ್ಕೂ ಕೈತಪ್ಪುತ್ತಿದ್ದವು ಎಂಬ ಲೆಕ್ಕವನ್ನು ಭಯ ಕೇಳಲಿಲ್ಲ.

ಡಿಸೆಂಬರ್ 9ರಂದು ಓನೀಲ್ ದೂರದರ್ಶನದಲ್ಲಿ ಮಾತಾಡಿದರು. ನಾಡು ಕವಲುದಾರಿಯಲ್ಲಿ ನಿಂತಿದೆ ಎಂದರು, ಎರಡೂ ಕಡೆಯವರನ್ನು ಸಂಯಮಕ್ಕೆ ಕೇಳಿಕೊಂಡರು. ಎರಡು ದಿನದಲ್ಲಿ, ಲಂಡನ್ನಿನ ಹಸ್ತಕ್ಷೇಪವನ್ನು ಎದುರಿಸಬೇಕೆಂದು ಸಾರುತ್ತಿದ್ದ ಕ್ರೇಗ್‌ರನ್ನು ಸಂಪುಟದಿಂದ ಕಿತ್ತುಹಾಕಿದರು. ಓನೀಲ್‌ಗೆ ನನ್ನ ಬೆಂಬಲ ಎಂದು ಬೆಲ್‌ಫಾಸ್ಟ್ ಟೆಲಿಗ್ರಾಫ್ ಪತ್ರಿಕೆ ಕೂಪನ್ ಅಚ್ಚು ಹಾಕಿತು; ಒಂದು ಲಕ್ಷಕ್ಕೂ ಹೆಚ್ಚು ಓದುಗರು ಕತ್ತರಿಸಿ ಸಹಿ ಮಾಡಿ ಕಳುಹಿಸಿದರು. ಆ ಪುಟವನ್ನು ನೋಡುವಾಗ ಮನಸ್ಸು ಮಿಡಿಯುತ್ತದೆ. ಜನ ಇದ್ದರು. ಆದರೆ ಕೂಪನ್ ಕಳುಹಿಸಿದವರು ಪಕ್ಷದ ಕ್ಷೇತ್ರ ಸಮಿತಿಯಲ್ಲಿ ಕೂತವರಲ್ಲ.

ಚಳವಳಿಯ ಒಳಗೂ ಬಿರುಕು ಇದೇ ವಾರಗಳಲ್ಲಿ ಕಾಣತೊಡಗುತ್ತದೆ. ಡೆರಿಯ ನಾಗರಿಕ ಕ್ರಿಯಾ ಸಮಿತಿ ಓನೀಲ್ ಮಾತಿಗೆ ಮನ್ನಣೆ ಕೊಟ್ಟು ಮೆರವಣಿಗೆ ನಿಲ್ಲಿಸಿತು. ಕ್ವೀನ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪೀಪಲ್ಸ್ ಡೆಮಾಕ್ರಸಿ ಒಪ್ಪಲಿಲ್ಲ. 1969ರ ಜನವರಿ 1ರಂದು ಅವರು ಬೆಲ್‌ಫಾಸ್ಟ್‌ನಿಂದ ಡೆರಿಗೆ ನಡೆದೇ ಹೊರಟರು; ನಾಲ್ಕನೆಯ ದಿನ ಬರ್ನ್‌ಟಾಲೆಟ್ ಸೇತುವೆಯ ಬಳಿ ಕಲ್ಲು ದೊಣ್ಣೆಗಳ ದಾಳಿಗೆ ಸಿಕ್ಕಿದರು. ಮಾರ್ಚ್‌ನಲ್ಲಿ ನಾಗರಿಕ ಹಕ್ಕುಗಳ ಸಂಘದ ಕಾರ್ಯಕಾರಿಣಿಯಿಂದ, ಅದರ ಮೊದಲ ಅಧ್ಯಕ್ಷರಲ್ಲಿ ಒಬ್ಬರಾಗಿದ್ದ ಬೆಟಿ ಸಿಂಕ್ಲೇರ್ ಸೇರಿ ನಾಲ್ವರು ಹೊರನಡೆದರು. ವಿದ್ಯಾರ್ಥಿಗಳ ವೇಗ ಅವರಿಗೆ ಅಪಾಯವೆನಿಸಿತ್ತು. ಆ ನಡಿಗೆ ತಪ್ಪೋ ಸರಿಯೋ ಎಂಬ ವಾದ ಇಂದಿಗೂ ಮುಗಿದಿಲ್ಲ. ನನಗನಿಸುವುದು ಇಷ್ಟು: ಪಟ್ಟಿಯಲ್ಲಿ ಮತ ಇದ್ದಿದ್ದರೆ ಜನವರಿ ಒಂದರಂದು ರಸ್ತೆಗಿಳಿಯಲು ಆ ಹುಡುಗ ಹುಡುಗಿಯರಿಗೆ ಘೋಷಣೆಯೇ ಸಿಗುತ್ತಿರಲಿಲ್ಲ.

ಗಲಭೆಗಳ ಕಾರಣ ತಿಳಿಯಲು ಆಯೋಗ ನೇಮಿಸುತ್ತೇನೆಂದು ಓನೀಲ್ ಜನವರಿ 15ರಂದು ಘೋಷಿಸಿದರು; ಮುಂದೆ ಕ್ಯಾಮರೂನ್ ನಡೆಸಿದ್ದು ಇದನ್ನೇ. ಅದನ್ನು ವಿರೋಧಿಸಿ 24ರಂದು ಫಾಕ್ನರ್ ರಾಜೀನಾಮೆ ಕೊಟ್ಟರು. ಇಬ್ಬರ ನಡುವಿನ ಪತ್ರಗಳು ಆಗಲೇ ಅಚ್ಚಾದವು. ಸುಧಾರಣೆಯ ವಿರೋಧಿ ಮುನಿದು ಹೊರಟ ಕಥೆ ಇದಲ್ಲ ಎಂಬುದು ಆ ಪತ್ರಗಳಲ್ಲಿ ಸ್ಪಷ್ಟ. ಆಯೋಗದ ಹಿಂದೆ ಅಡಗುವುದು ಸರ್ಕಾರದ ಹೊಣೆಗೇಡಿತನ, ಬದಲಾವಣೆ ಬೇಕೆಂದರೆ ಸರ್ಕಾರವೇ ಎದುರು ನಿಂತು ಮಾಡಬೇಕು, ಮತದ ವಿಷಯವನ್ನೂ ಪಕ್ಷದ ಮುಂದೆ ಇಟ್ಟು ಒಪ್ಪಿಸಬೇಕು ಎಂಬುದು ಫಾಕ್ನರ್ ವಾದ. ಓನೀಲ್ ಉತ್ತರ ಕಹಿಯಾಗಿದೆ. ಕಷ್ಟದ ದಿನಗಳಲ್ಲಿ ತಾವು ಬಯಸಿದ ನಿಷ್ಠೆ ಸಿಗಲಿಲ್ಲ ಎಂದು ಹಳೆಯ ಲೆಕ್ಕವನ್ನೆಲ್ಲ ಎತ್ತಿದರು. 1963ರಲ್ಲಿ ಪ್ರಧಾನಿ ಪಟ್ಟ ಫಾಕ್ನರ್‌ಗೆ ಬರದೆ ಓನೀಲ್‌ಗೆ ಬಂದದ್ದರ ನೆರಳು ಎರಡೂ ಪತ್ರಗಳ ಮೇಲಿದೆ. ತತ್ವದ ಭಿನ್ನಮತ ಎಲ್ಲಿ ಮುಗಿದು ಕುರ್ಚಿಯ ಪೈಪೋಟಿ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಕಷ್ಟ. ಎರಡೂ ಕಡೆಯಿಂದ ಒಂದೊಂದು ತುಂಡು ಸೇರಿಸಿ ಹೆಣೆದ ಹಗ್ಗದಂತಿದೆ ಅದು.

ಫೆಬ್ರವರಿ ಮೊದಲ ವಾರ ಓನೀಲ್ ಇಳಿಯಬೇಕೆಂದು ಹನ್ನೆರಡು ಭಿನ್ನಮತೀಯ ಶಾಸಕರು ಪೋರ್ಟಡೌನ್ ಪಟ್ಟಣದ ಹೋಟೆಲೊಂದರಲ್ಲಿ ಸೇರಿದರು. ಓನೀಲ್ ಸದನ ವಿಸರ್ಜಿಸಿ ಫೆಬ್ರವರಿ 24ಕ್ಕೆ ಚುನಾವಣೆ ಕರೆದರು.

ಆ ಚುನಾವಣೆಯ ಫಲಿತಾಂಶದ ಪಟ್ಟಿ ನನ್ನ ಕೈಗೆ ಸಿಕ್ಕ ಅತಿ ವಿಚಿತ್ರ ದಾಖಲೆ. ಸಾಮಾನ್ಯವಾಗಿ ಫಲಿತಾಂಶದಲ್ಲಿ ಪಕ್ಷಕ್ಕೊಂದು ಕಾಲಂ ಸಾಕು. ಇಲ್ಲಿ ಒಂದೇ ಪಕ್ಷವನ್ನು ಸೀಳಿ ಸೀಳಿ ಎಣಿಸಬೇಕು: ಓನೀಲ್ ಪರ ಅಧಿಕೃತ ಯೂನಿಯನಿಸ್ಟರು, ಓನೀಲ್ ಪರ ಅನಧಿಕೃತರು, ಓನೀಲ್ ವಿರೋಧಿ ಅಧಿಕೃತರು, ಇನ್ನೂ ಯಾವ ಕಡೆಯೆಂದು ಬಾಯಿ ಬಿಡದವರು. ಕ್ಷೇತ್ರ ಸಮಿತಿಗಳು ಅನೇಕ ಕಡೆ ಓನೀಲ್ ವಿರೋಧಿಗಳಿಗೇ ಟಿಕೆಟ್ ಕೊಟ್ಟವು. ಆಗ ಪ್ರಧಾನಿಯೇ ತಮ್ಮ ಪಕ್ಷದ ಅಧಿಕೃತ ಅಭ್ಯರ್ಥಿಗಳ ವಿರುದ್ಧ ನಿಂತ ಬಂಡಾಯಗಾರರನ್ನು ಬೆಂಬಲಿಸಿದರು. 52 ಸ್ಥಾನಗಳಲ್ಲಿ ಯೂನಿಯನಿಸ್ಟರು ಗೆದ್ದದ್ದು 39. ಅವರಲ್ಲಿ ಓನೀಲ್ ಪರ ಅಧಿಕೃತರು 24, ಅನಧಿಕೃತರು 3, ವಿರೋಧಿಗಳು 10, ಇಬ್ಬರು ಅತ್ತಲೂ ಇಲ್ಲ ಇತ್ತಲೂ ಇಲ್ಲ. 27ಕ್ಕೆ 12. ಕಾಗದದ ಮೇಲೆ ಗೆಲುವು. ಪೋರ್ಟಡೌನ್ ಹೋಟೆಲಿಗೆ ಹೋದವರಲ್ಲಿ ಬಹುತೇಕರು ಮರಳಿ ಬಂದಿದ್ದರು ಎಂಬುದೇ ಸೋಲು.

ಓನೀಲ್ ಅವರ ಸ್ವಂತ ಕ್ಷೇತ್ರ ಬ್ಯಾನ್‌ಸೈಡ್. 1946ರಿಂದ ಅಲ್ಲಿ ಅವರಿಗೆ ಎದುರಾಳಿಯೇ ಇರಲಿಲ್ಲ, ಪ್ರತಿ ಸಲ ಅವಿರೋಧ ಆಯ್ಕೆ. ಈ ಸಲ ಒಂದು ಕಡೆಯಿಂದ ಪಾದ್ರಿ ಇಯಾನ್ ಪೈಸ್ಲಿ, ಇನ್ನೊಂದು ಕಡೆಯಿಂದ ಪೀಪಲ್ಸ್ ಡೆಮಾಕ್ರಸಿಯ ಮೈಕಲ್ ಫ್ಯಾರೆಲ್. ಓನೀಲ್‌ಗೆ 7,745, ಪೈಸ್ಲಿಗೆ 6,331, ಫ್ಯಾರೆಲ್‌ಗೆ 2,310. ಒಟ್ಟು ಮತದ ಅರ್ಧವೂ ಪ್ರಧಾನಿಗೆ ಬೀಳಲಿಲ್ಲ. ಒಂದು ಮೂಲೆಯಲ್ಲಿ ಸುಧಾರಣೆ ಅತಿಯಾಯಿತು ಎನ್ನುವವರು, ಇನ್ನೊಂದು ಮೂಲೆಯಲ್ಲಿ ಸಾಲದು ಎನ್ನುವವರು. ಆ ತಿಂಗಳುಗಳ ರಾಜಕೀಯವೆಲ್ಲ ಈ ಮೂರು ಅಂಕಿಗಳಲ್ಲಿದೆ. ಡೆರಿಯ ಫಾಯ್ಲ್ ಕ್ಷೇತ್ರದಲ್ಲಿ ನ್ಯಾಷನಲಿಸ್ಟ್ ಪಕ್ಷದ ನಾಯಕ ಎಡ್ಡಿ ಮೆಕಾಟಿಯರ್ ಅವರನ್ನು ಚಳವಳಿಯಿಂದ ಬಂದ ಮೇಷ್ಟರು ಜಾನ್ ಹ್ಯೂಮ್ ಸೋಲಿಸಿದರು. ಹಳೆಯ ವಿರೋಧ ಪಕ್ಷವೂ ಕುಸಿಯಿತು.

ಮಾರ್ಚ್ 30ರಿಂದ ಬಾಂಬುಗಳು. ಬೆಲ್‌ಫಾಸ್ಟ್ ಅಂಚಿನ ಕ್ಯಾಸಲ್‌ರೇ ವಿದ್ಯುತ್ ಉಪಕೇಂದ್ರ ಸ್ಫೋಟಿಸಿತು. ಏಪ್ರಿಲ್‌ನಲ್ಲಿ ನೀರಿನ ಕೊಳವೆಗಳು ಒಡೆದು ಬೆಲ್‌ಫಾಸ್ಟ್‌ನ ನಲ್ಲಿಗಳು ಒಣಗಿದವು. ಆ ದಿನಗಳ ಪತ್ರಿಕೆಗಳನ್ನು ಓದಿದರೆ ಬೆರಳು ನೆಟ್ಟಗೆ ಐರಿಷ್ ರಿಪಬ್ಲಿಕನ್ ಆರ್ಮಿ (ಐ.ಆರ್.ಎ.) ಕಡೆ ತೋರುತ್ತದೆ. ಆ ತಿಂಗಳ ಪತ್ರಿಕೆ ಮಾತ್ರ ಓದಿ ನಿಲ್ಲಿಸುವವರು ಪೂರ್ತಿ ತಪ್ಪು ಚರಿತ್ರೆ ಬರೆಯುತ್ತಾರೆ. ಓನೀಲ್‌ರನ್ನು ಇಳಿಸಲೆಂದೇ ಅಲ್‌ಸ್ಟರ್‌ನ ಬ್ರಿಟಿಷ್-ನಿಷ್ಠ ಉಗ್ರರು ಅವನ್ನು ಇಟ್ಟಿದ್ದರು ಎಂಬುದು ಆ ವರ್ಷದ ಕೊನೆಗೆ ಬಯಲಾಗತೊಡಗಿತು. ಅಕ್ಟೋಬರ್‌ನಲ್ಲಿ ಗಡಿಯಾಚೆಯ ಡೊನೆಗಾಲ್‌ನಲ್ಲಿ ಇಂಥದ್ದೇ ಇನ್ನೊಂದು ವಿದ್ಯುತ್ ಕೇಂದ್ರ ಉಡಾಯಿಸಲು ಹೋದ ಒಬ್ಬ ವಿದ್ಯುದಾಘಾತಕ್ಕೆ ಸಿಕ್ಕು ಸತ್ತಾಗ ನಂಟು ಸಿಕ್ಕಿತು. ಅಕ್ಷರಶಃ ಆ ಬಾಂಬುಗಳೇ ತನ್ನನ್ನು ಅಧಿಕಾರದಿಂದ ಹಾರಿಸಿದವು ಎಂಬ ಅರ್ಥದಲ್ಲಿ ಓನೀಲ್ ಆಮೇಲೆ ಬರೆದುಕೊಂಡರು.

ಏಪ್ರಿಲ್ 17ರಂದು ಮಿಡ್ ಅಲ್‌ಸ್ಟರ್ ಉಪಚುನಾವಣೆಯಲ್ಲಿ ಇಪ್ಪತ್ತೊಂದರ ಬರ್ನಡೆಟ್ ಡೆವ್ಲಿನ್ ಗೆದ್ದು ವೆಸ್ಟ್‌ಮಿನ್‌ಸ್ಟರ್‌ಗೆ ಹೋದರು. 23ರಂದು ಯೂನಿಯನಿಸ್ಟ್ ಶಾಸಕಾಂಗ ಪಕ್ಷ ಕೊನೆಗೂ ಆ ಬೇಡಿಕೆಯನ್ನು ಎದುರಿಗಿಟ್ಟುಕೊಂಡಿತು. ಸ್ಥಳೀಯ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೆ ಮತ: ಪರವಾಗಿ 28, ವಿರುದ್ಧ 22. ಕೂಡಿದರೆ 50; ಕೆಳಮನೆಯಲ್ಲಿ ಯೂನಿಯನಿಸ್ಟರೇ 39 ಮಂದಿ. ಮೇಲ್ಮನೆಯವರೂ ಕೂತಿದ್ದರೆಂಬುದು ಈ ಅಂಕಿಯಿಂದಲೇ ತಿಳಿಯುತ್ತದೆ. ಬಾಗಿಲು ಹಾಕಿ ನಡೆದ ಪಕ್ಷದ ಸಭೆಯಾದ್ದರಿಂದ ಸದನದ ನಡಾವಳಿಯಲ್ಲಿ ಇರುವಂಥ ಹೆಸರಿನ ಪಟ್ಟಿ ಇದಕ್ಕಿಲ್ಲ. ಆದರೆ ಒಬ್ಬರ ನಿಲುವು ತೆರೆದೇ ಇದೆ. ಕೃಷಿ ಮಂತ್ರಿ, ಓನೀಲ್ ಅವರ ಸಂಬಂಧಿ ಜೇಮ್ಸ್ ಚಿಚೆಸ್ಟರ್-ಕ್ಲಾರ್ಕ್ ಅಂದೇ ರಾಜೀನಾಮೆ ಕೊಟ್ಟರು. ತತ್ವಕ್ಕೆ ತಮ್ಮ ವಿರೋಧವಿಲ್ಲ, ಸಮಯ ಸರಿಯಿಲ್ಲ ಎಂದರು.

ಸಮಯ ಸರಿಯಿಲ್ಲ ಎಂಬ ಈ ಮಾತನ್ನು ನಾನು ನವೆಂಬರ್ ಕಡತದ ಪಕ್ಕದಲ್ಲಿಟ್ಟು ಓದಿದೆ. ಅಲ್ಲೂ ಇದೇ ಕಾರಣ. ನವೆಂಬರ್‌ನಲ್ಲಿ ಕೊಟ್ಟಿದ್ದರೆ ಅದು ಓನೀಲ್ ಕೊಟ್ಟದ್ದಾಗುತ್ತಿತ್ತು, ಕೂಪನ್ ಕತ್ತರಿಸಿದ ಲಕ್ಷ ಜನರ ಬಲ ಅದರ ಹಿಂದಿರುತ್ತಿತ್ತು. ಏಪ್ರಿಲ್‌ನಲ್ಲಿ ಕೊಟ್ಟಾಗ ಬೀದಿಯವರು ಅದನ್ನು ಕಸಿದುಕೊಂಡದ್ದೆಂದು ಬಗೆದರು, ಸಮಿತಿಗಳು ಶರಣಾಗತಿಯೆಂದು ಕರೆದವು. ಸುಧಾರಣೆ ಚಿಕ್ಕದಾಗಿತ್ತು ಎಂದು ಬರೆಯುವವರನ್ನು ನಾನು ಒಪ್ಪಲಾರೆ. ಆರು ತಿಂಗಳಲ್ಲಿ ಓನೀಲ್ ಒಪ್ಪಿದ್ದು ಹಿಂದಿನ ನಲವತ್ತೇಳು ವರ್ಷಗಳಲ್ಲಿ ಯಾರೂ ಒಪ್ಪದ್ದು. ಅವರ ತಪ್ಪು ಅನುಕ್ರಮದ್ದು. ಸಂಖ್ಯೆಯಲ್ಲಿ ಪಕ್ಷಕ್ಕೆ ಅತಿ ಕಡಿಮೆ ತೊಂದರೆ ಕೊಡಬಹುದಾಗಿದ್ದ, ಗೌರವದಲ್ಲಿ ಜನಕ್ಕೆ ಎಲ್ಲಕ್ಕಿಂತ ದೊಡ್ಡದಾಗಿದ್ದ ಬೇಡಿಕೆಯನ್ನು ಕೊನೆಗಿಟ್ಟರು.

ಏಪ್ರಿಲ್ 28ರಂದು ಓನೀಲ್ ರಾಜೀನಾಮೆ ಕೊಟ್ಟರು. ಮೇ 1ರ ನಾಯಕತ್ವದ ಮತದಾನದಲ್ಲಿ ಚಿಚೆಸ್ಟರ್-ಕ್ಲಾರ್ಕ್‌ಗೆ 17, ಫಾಕ್ನರ್‌ಗೆ 16. ಓನೀಲ್ ತಮ್ಮ ಮತವನ್ನು ಎಂಟು ದಿನಗಳ ಹಿಂದೆ ತಮ್ಮನ್ನು ಬಿಟ್ಟುಹೋದ ಸಂಬಂಧಿಗೆ ಹಾಕಿದರು, ವರ್ಷಗಳಿಂದ ತಮ್ಮನ್ನು ಉರುಳಿಸಲು ನೋಡಿದರೆಂದು ನಂಬಿದ್ದ ಫಾಕ್ನರ್‌ಗೆ ಹಾಕಲು ಮನಸ್ಸು ಬರಲಿಲ್ಲ. ಆಗಸ್ಟ್‌ನಲ್ಲಿ ಡೆರಿಯ ಬಾಗ್‌ಸೈಡ್ ಹೊತ್ತಿ ಉರಿದು 14ರಂದು ಬ್ರಿಟಿಷ್ ಸೈನ್ಯ ಬೀದಿಗಿಳಿಯಿತು. ನವೆಂಬರ್‌ನಲ್ಲಿ, ಸಮಯ ಸರಿಯಿಲ್ಲ ಎಂದಿದ್ದ ಅದೇ ಚಿಚೆಸ್ಟರ್-ಕ್ಲಾರ್ಕ್ ಸರ್ಕಾರದ ಕೆಳಗೆ ಚುನಾವಣಾ ಕಾಯ್ದೆ ಅಂಗೀಕಾರವಾಯಿತು. ಒಬ್ಬರಿಗೆ ಒಂದು ಮತ ಕಾನೂನಾಯಿತು.

ಕಾನೂನಾದ ಆ ಮತವನ್ನು ಜನ ಮೊದಲ ಸಲ ಊರಿನ ಮತಗಟ್ಟೆಯಲ್ಲಿ ಚಲಾಯಿಸಿದ್ದು ಯಾವಾಗ ಎಂದು ಹುಡುಕಿದೆ. ಸ್ಥಳೀಯ ಆಡಳಿತದ ಪುನಾರಚನೆ ಎಳೆಯುತ್ತ ಹೋಗಿ ಚುನಾವಣೆ ಮುಂದಕ್ಕೆ ಬಿತ್ತು. ಅಷ್ಟರಲ್ಲಿ 1970ರ ಏಪ್ರಿಲ್‌ನಲ್ಲಿ ಓನೀಲ್ ತೆರವು ಮಾಡಿದ ಬ್ಯಾನ್‌ಸೈಡನ್ನು ಪೈಸ್ಲಿ ಗೆದ್ದಿದ್ದರು. ಮರುವರ್ಷ ಅವರು ತಮ್ಮದೇ ಪಕ್ಷ ಕಟ್ಟಿದರು. ಓನೀಲ್ ಬೆಂಬಲಿಗರಲ್ಲಿ ಹಲವರು ಹೊಸ ಅಲಯನ್ಸ್ ಪಕ್ಷಕ್ಕೆ ಹೋದರು. ಹ್ಯೂಮ್, ಕರಿ, ಫಿಟ್ ಸೇರಿ ಎಸ್.ಡಿ.ಎಲ್.ಪಿ. ಪಕ್ಷ ಹುಟ್ಟುಹಾಕಿದರು. ಕ್ರೇಗ್ ವ್ಯಾನ್‌ಗಾರ್ಡ್ ಬಾವುಟ ಹಿಡಿದರು. 1972ರ ಮಾರ್ಚ್‌ನಲ್ಲಿ ಲಂಡನ್ ಸ್ಟಾರ್ಮಂಟ್‌ನ ಬಾಗಿಲು ಮುಚ್ಚಿಸಿತು. ಎಲ್ಲ ವಯಸ್ಕರ ಮತದೊಂದಿಗೆ ಹೊಸ 26 ಜಿಲ್ಲಾ ಸಭೆಗಳಿಗೆ ಮೊದಲ ಚುನಾವಣೆ ನಡೆದದ್ದು 1973ರ ಮೇ 30ರಂದು, ಅದೂ 1922ರಲ್ಲಿ ಯೂನಿಯನಿಸ್ಟ್ ಸರ್ಕಾರ ಕೈಬಿಟ್ಟಿದ್ದ ಪ್ರಮಾಣಾನುಗುಣ ಪ್ರಾತಿನಿಧ್ಯದ ಪದ್ಧತಿಯಲ್ಲಿ.

ಮರುತಿಂಗಳು, ಜೂನ್ 28ರಂದು, ಹೊಸ ವಿಧಾನಸಭೆಗೆ ಚುನಾವಣೆ. ಆ ಅಭ್ಯರ್ಥಿಗಳ ಪಟ್ಟಿ ಬಿಡಿಸಿದೆ. ಯೂನಿಯನಿಸ್ಟರ ಹೆಸರುಗಳ ಮುಂದೆ ಮತ್ತೆ ಎರಡು ಗುರುತು: ನಾಯಕನ ನೀತಿಗೆ ಬದ್ಧರು, ಬದ್ಧರಲ್ಲದವರು. ಈ ಸಲದ ನಾಯಕ ಬ್ರಯನ್ ಫಾಕ್ನರ್. 1974ರ ಜನವರಿ 4ರಂದು ಯೂನಿಯನಿಸ್ಟ್ ಕೌನ್ಸಿಲ್ 427ಕ್ಕೆ 374 ಮತಗಳಿಂದ ಅವರ ವಿರುದ್ಧ ತೀರ್ಮಾನಿಸಿತು, ಮೂರು ದಿನದಲ್ಲಿ ಅವರೂ ಪಕ್ಷದ ನಾಯಕತ್ವ ಬಿಟ್ಟರು.